ಚೆನ್ನಾಗಿರುವ ದಿನ ಯಾರು ಪಂಪ್ ಎಳೀತಾರೆ?

ಕೊಡಗಿನ ಸುಂಟಿಕೊಪ್ಪದ ಕಡೆ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಫಾರ್ಮಸಿ ಓದಿದವಳು ಮನೆಯಲ್ಲಿ ನಾನೊಬ್ಬಳೇ, ಹಾಗಾಗಿ ಕೌಂಟರ್ ನನ್ನದು. ಈ ಊರಿನಲ್ಲಿ ಯಾರಿಗೆ ಉಬ್ಬಸ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಹೊಸದಾಗಿ ಬಿಪಿ ಮಾತ್ರೆ ಶುರುವಾಯಿತು ಅನ್ನುವುದು ನಮ್ಮ ಬಿಲ್ ಪುಸ್ತಕ ನೋಡಿದರೆ ತಿಳಿಯುತ್ತದೆ. ಬಿಪಿ ಮಾತ್ರೆಯವರು ತಿಂಗಳಿಗೊಮ್ಮೆ ಬರುತ್ತಾರೆ. ಒಂದೆರಡು ದಿನ ಆಚೀಚೆ, ಆದರೆ ಬರುತ್ತಾರೆ. ಉಬ್ಬಸದವರ ಲೆಕ್ಕವೇ ಬೇರೆ. ಅವರು ಮಳೆ ಜೊತೆ ಬರುತ್ತಾರೆ.

ಜೂನ್‌ನಲ್ಲಿ ಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಸಾಕು, ನೀಲಿ ಪಂಪ್ ಕೇಳುವವರು ಸಾಲಾಗಿ ನಿಲ್ಲುತ್ತಾರೆ. ಇನ್‌ಹೇಲರ್ ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಅದು ಪಂಪ್. ಮಾತುಕತೆಯೂ ಹೆಚ್ಚು ಕಡಿಮೆ ಒಂದೇ ತರಹ.

"ಅಕ್ಕ, ಆ ನೀಲಿದು ಒಂದು ಕೊಡಿ."

"ದಿನಾ ಎಳೆಯೋಕೆ ಅಂತ ಇನ್ನೊಂದು ಬರೆದಿದ್ರಲ್ಲ ಡಾಕ್ಟ್ರು?"

"ಅದು ಮನೇಲಿದೆ."

ಈ "ಮನೇಲಿದೆ" ಅನ್ನುವುದನ್ನು ಕೇಳಿದಾಗಲೆಲ್ಲ ನನ್ನ ತಲೆಯಲ್ಲಿ ಒಂದು ಲೆಕ್ಕ ಓಡುತ್ತದೆ. ಸಾಮಾನ್ಯವಾಗಿ ಆ ಪಂಪಿನಲ್ಲಿ 120 ಪಫ್ ಇರುತ್ತವೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಅಂದರೆ ಸರಿಯಾಗಿ 30 ದಿನ. ಹುತ್ತರಿ ಹಬ್ಬದ ಸಮಯದಲ್ಲಿ, ಅಂದರೆ ನವೆಂಬರ್-ಡಿಸೆಂಬರ್‌ನಲ್ಲಿ, ಕೊಂಡದ್ದು ಜೂನ್ ತಿಂಗಳಲ್ಲೂ ಮನೆಯಲ್ಲಿ "ಇದೆ" ಎಂದರೆ ಅದನ್ನು ಯಾರೂ ಎಳೆದಿಲ್ಲ ಅಂತ ಅರ್ಥ. ಬಾಯಿಬಿಟ್ಟು ಕೇಳುವುದೇ ಬೇಡ.

ಎರಡು ಪಂಪಿಗೂ ಇರುವ ವ್ಯತ್ಯಾಸ ಬಹಳ ಜನರಿಗೆ ಗೊತ್ತಿಲ್ಲ ಅಂತ ಓದಿದವರು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ತೋಟದ ಕೆಲಸದವರ ಲೈನ್ ಮನೆಯ ಅಜ್ಜಿಗೂ ಗೊತ್ತಿದೆ, ಒಂದು ದಮ್ಮು ಬಂದಾಗ ಎಳೆಯುವುದು, ಇನ್ನೊಂದು ಬರದ ಹಾಗೆ ಎಳೆಯುವುದು ಅಂತ. ನೀಲಿಯದರಲ್ಲಿರುವುದು ಸಾಲ್ಬುಟಮಾಲ್. ಬಿಗಿದುಕೊಂಡ ಶ್ವಾಸನಾಳದ ಸ್ನಾಯುವನ್ನು ಐದು ನಿಮಿಷದಲ್ಲಿ ಸಡಿಲ ಮಾಡುತ್ತದೆ, ನಾಲ್ಕಾರು ಗಂಟೆ ಹಾಗೇ ಇಡುತ್ತದೆ. ಇನ್ನೊಂದರಲ್ಲಿ ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್ ತರಹದ ಸ್ಟೀರಾಯ್ಡ್ ಇರುತ್ತದೆ. ಅದು ನಾಳದ ಒಳಗೋಡೆಯ ಊತವನ್ನು ಇಳಿಸುತ್ತದೆ, ಅದೂ ನಿಧಾನವಾಗಿ. ಒಂದೆರಡು ವಾರಕ್ಕೆ ಸ್ವಲ್ಪ ಗುಣ ಕಾಣಬಹುದು, ಪೂರ್ತಿ ಪರಿಣಾಮ ಕಾಣಲು ತಿಂಗಳುಗಳೇ ಬೇಕು. ಎಳೆದ ತಕ್ಷಣ ಏನೂ ಆಗುವುದಿಲ್ಲ. ಎದೆ ಹಗುರಾಗುವುದಿಲ್ಲ, ಶಿಳ್ಳೆ ನಿಲ್ಲುವುದಿಲ್ಲ. ಒಂದು ದಿನ ಬಿಟ್ಟರೂ ಏನೂ ಆಗುವುದಿಲ್ಲ. ತೊಂದರೆ ಇರುವುದು ಇಲ್ಲೇ. ಎಳೆದರೂ ಬಿಟ್ಟರೂ ಇವತ್ತು ಒಂದೇ ತರಹ ಇದ್ದರೆ, ಹಾಲು ತರುವುದಕ್ಕೂ ಮಕ್ಕಳ ಟಿಫಿನ್ ಕಟ್ಟುವುದಕ್ಕೂ ನಡುವೆ ಅದನ್ನು ಹುಡುಕಿ ಎಳೆಯುವವರು ಯಾರು?

ನಮ್ಮ ಕೊಡಗಿನ ವರ್ಷವೂ ಪಂಪ್ ಬಿಡಿಸುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಬೀರುವಿನಲ್ಲಿರುವ ಕೋಟಿಗೆ ಬೂಷ್ಟು, ಗೋಡೆಗೆ ಪಾಚಿ, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ. ಒಣಗದ ಬಟ್ಟೆಗೆ ಕೆಂಡದ ಅಗ್ಗಿಷ್ಟಿಕೆ, ಬಚ್ಚಲ ಒಲೆಗೆ ಹಸಿ ಸೌದೆ. ಉಬ್ಬಸದವರಿಗೆ ಇದರಲ್ಲಿ ಒಂದೊಂದೂ ಸಾಕು, ನಮ್ಮಲ್ಲಿ ಎಲ್ಲ ಒಟ್ಟಿಗೇ ಬರುತ್ತವೆ. ಆಗ ಡಾಕ್ಟರ ಹತ್ತಿರ ಓಡುತ್ತಾರೆ, ನೆಬುಲೈಸರ್ ಇಡಿಸಿಕೊಳ್ಳುತ್ತಾರೆ, ದಿನದ ಪಂಪ್ ಬರೆಸಿಕೊಂಡು ಬರುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎಲ್ಲರೂ ಶಿಸ್ತಿನವರು. ಕಾವೇರಿ ಸಂಕ್ರಮಣ ಕಳೆದು ಬಿಸಿಲು ಬಿದ್ದ ಕೂಡಲೇ ಎದೆ ಹಗುರ. ಡಿಸೆಂಬರ್‌ಗೆ ಕಾಫಿ ಕುಯ್ಲು ಶುರು. ತೋಟದವರಿಗೂ ಕೆಲಸದವರಿಗೂ ಬೆಳಕು ಹರಿಯುವ ಮೊದಲೇ ದಿನ ಓಡತೊಡಗುತ್ತದೆ. ಪಂಪ್ ಕಪಾಟಿನ ಮೇಲೆ ಹೋಗುವುದು ಆಗಲೇ.

ಹಾಗಂತ ಆ ತಿಂಗಳುಗಳೂ ಪೂರ್ತಿ ಸುಖದವಲ್ಲ. ಕಣದಲ್ಲಿ ಕಾಫಿ ಒಣಗುತ್ತದೆ, ಸಿಪ್ಪೆ ಬಿಡಿಸುವ ಹಲ್ಲರ್ ತಿರುಗುತ್ತದೆ, ಮೂಟೆ ಕೊಡವುತ್ತಾರೆ. ಹಸಿರು ಕಾಫಿ ಬೀಜದ ಧೂಳಿನಿಂದ ಅಸ್ತಮಾ ಬರಬಹುದು ಅನ್ನುವುದು ವೈದ್ಯಶಾಸ್ತ್ರಕ್ಕೆ ಹಳೆಯ ವಿಷಯ. ಕುಶಾಲನಗರದ ಕಡೆ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕೆಲಸಕ್ಕೆ ಹೋಗಿ ಬರುವ ಹೆಂಗಸರು ಸಂಜೆ ಬಸ್ಸಿಳಿದು ಕೆಮ್ಮುತ್ತಲೇ ಅಂಗಡಿಗೆ ಬರುತ್ತಾರೆ. ಆದರೆ ಧೂಳಿನ ಕೆಮ್ಮನ್ನು ಅವರು ಉಬ್ಬಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಕೆಲಸದ ಲೆಕ್ಕ. ಉಬ್ಬಸ ಅಂದರೆ ಮಳೆಗಾಲದ ರಾತ್ರಿ ಎದ್ದು ಕೂರುವುದು, ಅಷ್ಟೇ.

ನಮ್ಮ ಕಡೆ ಮದ್ದಿಗೂ ದಿನಕ್ಕೂ ನಂಟು ಜಾಸ್ತಿ. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ತಂದು ಕುದಿಸಿ ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತೇವೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅಂತ ನಂಬಿಕೆ. ಮರುದಿನ ಮೂತ್ರ ಕೆಂಪಾದರೆ ಮದ್ದು ಹಿಡಿಯಿತು ಅಂತ ಮನೆಯಲ್ಲೆಲ್ಲ ನಗು. ನಾನೂ ತಪ್ಪದೆ ತಿನ್ನುತ್ತೇನೆ, ತುಪ್ಪ ಜೇನು ಹಾಕಿಕೊಂಡು. ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಉಬ್ಬಸಕ್ಕೆ ಮೀನಿನ ಮದ್ದು ಕೊಡುತ್ತಾರಲ್ಲ, ಇಲ್ಲಿಂದಲೂ ರೈಲು ಹತ್ತಿ ಹೋಗಿ ಬಂದವರಿದ್ದಾರೆ. ಜೀವ ಇರುವ ಸಣ್ಣ ಮೀನು, ಅದರ ಬಾಯಲ್ಲಿ ಹಳದಿ ಮದ್ದು, ಹಾಗೇ ನುಂಗಬೇಕು. ಅದರಿಂದ ಅಸ್ತಮಾ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಜನ ಅಷ್ಟು ದೂರ ಯಾಕೆ ಹೋಗುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಅದಕ್ಕೊಂದು ದಿನವಿದೆ, ಪಥ್ಯವಿದೆ, ಜೊತೆಗೆ ಹೋಗುವ ನಾಲ್ಕು ಜನರಿದ್ದಾರೆ. ಮುಗಿದ ಮೇಲೆ ಮುಗಿಯಿತು ಅನ್ನುವ ನೆಮ್ಮದಿಯೂ ಇದೆ. ದಿನದ ಪಂಪಿಗೆ ಇದ್ಯಾವುದೂ ಇಲ್ಲ. "ಎಷ್ಟು ದಿನ ಎಳೀಬೇಕು?" ಅಂತ ಕೇಳಿದರೆ "ಡಾಕ್ಟ್ರು ಕಮ್ಮಿ ಮಾಡಿ ಅನ್ನೋವರೆಗೆ" ಅನ್ನುವ ಉತ್ತರ. ಕೇಳಿದವರ ಮುಖ ನೋಡಬೇಕು ಆಗ.

ಇದು ನಮ್ಮ ಊರಿನ ರೋಗ ಮಾತ್ರ ಅಂದುಕೊಳ್ಳಬೇಡಿ. ದೀರ್ಘಕಾಲದ ಕಾಯಿಲೆಗಳಿಗೆ ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಔಷಧಿಯನ್ನು ಹೇಳಿದ ಹಾಗೆ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಬರೆಯಿತು. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಅಸ್ತಮಾ ಇದ್ದ 24 ಮಕ್ಕಳ ಪಂಪಿನೊಳಗೆ ಎಣಿಸುವ ಯಂತ್ರ ಇಟ್ಟಿದ್ದರು. ಜೊತೆಗೆ ಡೈರಿಯನ್ನೂ ಬರೆಸಿದರು. ಡೈರಿ ಪ್ರಕಾರ ಮಕ್ಕಳು ಬರೆದುಕೊಟ್ಟ ಡೋಸಿನಲ್ಲಿ ನೂರಕ್ಕೆ 95ರಷ್ಟು ತೆಗೆದುಕೊಂಡಿದ್ದರು. ಯಂತ್ರದ ಪ್ರಕಾರ 58. ಆ ಅವಧಿಯಲ್ಲಿ ಉಬ್ಬಸ ಕೆರಳಿ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗಿ ಬಂದ ಮಕ್ಕಳನ್ನು ಬೇರೆ ಮಾಡಿ ನೋಡಿದರೆ, ಅವರದು ಬರೀ 14ರ ಹತ್ತಿರ. ಅದೇ ದಶಕದಲ್ಲಿ ಸಿಗರೇಟ್ ಸೇದುವ ದೊಡ್ಡವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಇದಕ್ಕಿಂತ ತಮಾಷೆ. ಕೆಲವರು ಆಸ್ಪತ್ರೆಗೆ ಬರುವ ಮುಂಚೆ ಕೂತು ಪಂಪನ್ನು ನೂರಕ್ಕೂ ಹೆಚ್ಚು ಸಲ ಗಾಳಿಗೆ ಒತ್ತಿ ಖಾಲಿ ಮಾಡಿಕೊಂಡು ಬಂದಿದ್ದರು. ಡಾಕ್ಟರು ಬೈಯಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಒಳ್ಳೆಯವರು ಅನ್ನಿಸಿಕೊಳ್ಳುವ ಆಸೆ ಅಮೆರಿಕದಲ್ಲೂ ಸುಂಟಿಕೊಪ್ಪದಲ್ಲೂ ಒಂದೇ.

ಕೆನಡಾದವರು ಮಾಡಿದ ಕೆಲಸವಂತೂ ನನ್ನ ಕೆಲಸಕ್ಕೆ ತೀರಾ ಹತ್ತಿರದ್ದು. ಅಲ್ಲಿನ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಔಷಧಿ ಅಂಗಡಿಗಳ ದಾಖಲೆ ಹಿಡಿದುಕೊಂಡು, ಯಾರು ವರ್ಷಕ್ಕೆ ಎಷ್ಟು ಸ್ಟೀರಾಯ್ಡ್ ಪಂಪ್ ಕೊಂಡರು ಅಂತ ಲೆಕ್ಕ ಹಾಕಿದರು. ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ. ವರ್ಷದಲ್ಲಿ ಒಂದೊಂದು ಪಂಪ್ ಹೆಚ್ಚಿಗೆ ಬಳಸಿದ ಹಾಗೂ ಅಸ್ತಮಾದಿಂದ ಸಾಯುವ ಪ್ರಮಾಣ ನೂರಕ್ಕೆ 21ರಷ್ಟು ಕಡಿಮೆಯಾಗುತ್ತಾ ಹೋಗಿತ್ತು. ಪಂಪ್ ಬಿಟ್ಟ ಮೊದಲ ಮೂರು ತಿಂಗಳಲ್ಲಿ, ಬಿಡದವರಿಗಿಂತ ಬಿಟ್ಟವರಲ್ಲಿ ಸಾವು ಹೆಚ್ಚು. 2000ದಲ್ಲಿ ಇದು ಪ್ರಕಟವಾಯಿತು. 2014ರಲ್ಲಿ ಬ್ರಿಟನ್ನಿನವರು ಅಸ್ತಮಾದಿಂದ ಸತ್ತ 195 ಜನರ ಕಡತಗಳನ್ನು ಬಿಚ್ಚಿ ನೋಡಿದರು. ದಿನದ ಪಂಪ್ ಬರೆಸಿಕೊಂಡವರೆಂದು ದಾಖಲೆ ಸಿಕ್ಕ 128 ಜನರಲ್ಲಿ 103 ಜನ ವರ್ಷಕ್ಕೆ 12ಕ್ಕಿಂತ ಕಡಿಮೆ ಪಂಪ್ ಪಡೆದಿದ್ದರು. ಅಲ್ಲಿ ಪಂಪ್ ತಲುಪಿಸುವ ಸರ್ಕಾರಿ ವ್ಯವಸ್ಥೆಯೇ ಇದೆ, ಆದರೂ ಹೀಗೆ. ನಮ್ಮ ದೇಶದ ಲೆಕ್ಕ ಇನ್ನೂ ಕಹಿ. 2019ರ ಅಂದಾಜಿನಂತೆ ಲೋಕದ ಅಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಜನ ಭಾರತದವರು, ಅಸ್ತಮಾದಿಂದ ಸಾಯುವವರಲ್ಲಿ 42ರಷ್ಟು ಭಾರತದವರು.

ಇದನ್ನೆಲ್ಲ ಕೌಂಟರಿನಲ್ಲಿ ನಿಂತವರಿಗೆ ಹೇಳಿದರೆ ಏನೂ ಪ್ರಯೋಜನವಿಲ್ಲ. ಹೆದರಿಸಿ ಎಳೆಸಿದ ಪಂಪ್ ಒಂದು ವಾರ ನಡೆಯುತ್ತದೆ. ಅಲ್ಲದೆ ಜನರಿಗೆ ಕಾಯಿಲೆಗಿಂತ ಜಾಸ್ತಿ ಹೆದರಿಕೆ ಇರುವುದು ಪಂಪಿನ ಮೇಲೇ.

ಒಬ್ಬ ತಾಯಿ ಹತ್ತನೇ ಕ್ಲಾಸಿನ ಮಗಳ ಚೀಟಿ ಹಿಡಿದು ಬಂದರು. ಅಂಗಡಿಯಲ್ಲಿ ಇನ್ನಿಬ್ಬರು ಇದ್ದರು, ಅವರು ಹೋಗುವವರೆಗೆ ಸುಮ್ನೆ ಕಾಫ್ ಸಿರಪ್ ಬಾಟಲಿ ತಿರುಗಿಸಿ ನೋಡುತ್ತಾ ನಿಂತರು. ಆಮೇಲೆ ಚೀಟಿ ಕೊಟ್ಟರು. "ಪೇಪರ್ ಸುತ್ತಿ ಕೊಡಿ ಅಕ್ಕ. ಬಸ್‌ಸ್ಟ್ಯಾಂಡಲ್ಲಿ ನಮ್ಮವರೇ ಇರ್ತಾರೆ." ಸುತ್ತಿದೆ. ದುಡ್ಡು ಎಣಿಸುತ್ತಾ ಒಂದೊಂದೇ ಪ್ರಶ್ನೆ ಹೊರಬಂತು. ಇದು ಚಟ ಹಿಡಿಯುತ್ತಾ? ಇದು ಕೊನೇ ಹಂತದವರಿಗೆ ಕೊಡೋದಂತೆ, ಹೌದಾ? ಸ್ಟೀರಾಯ್ಡ್ ಅಂತೆ, ದಪ್ಪ ಆಗ್ತಾಳಾ? ಎತ್ತರ ನಿಂತುಹೋಗುತ್ತಾ? ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ? ಕೊನೆಯದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಉಳಿದವಕ್ಕೆ ಉತ್ತರ ಇದೆ, ಮತ್ತು ಅದನ್ನು ಪೂರ್ತಿಯಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. "ಏನೂ ಆಗಲ್ಲ ಹೋಗಿ" ಅಂದರೆ ಅವರು ನಂಬುವುದಿಲ್ಲ, ನಂಬಲೂಬಾರದು.

ಚಟ ಹಿಡಿಯುವುದಿಲ್ಲ. ಎತ್ತರದ ಬಗ್ಗೆ ಕೇಳಿದ್ದು ಹುಚ್ಚು ಪ್ರಶ್ನೆ ಅಲ್ಲವೇ ಅಲ್ಲ. ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಬುಡೆಸೊನೈಡ್ ಎಳೆದ ಮಕ್ಕಳನ್ನು ದೊಡ್ಡವರಾದ ಮೇಲೆ ಅಳೆದು ನೋಡಿದ್ದಾರೆ, ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಈ ಹುಡುಗಿಗೆ ಬೆಳೆಯುವ ವಯಸ್ಸು ಹೆಚ್ಚು ಕಡಿಮೆ ಮುಗಿದಿದೆ. ಬಾಯಿ ಮುಕ್ಕಳಿಸದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟಬಹುದು, ಗಂಟಲು ಕೂರಬಹುದು. ಇನ್ನು ದಪ್ಪದ ವಿಷಯ. ಇಲ್ಲಿ ಒಂದು ಲೆಕ್ಕವನ್ನು ಚೀಟಿಯ ಹಿಂಬದಿ ಬರೆದು ತೋರಿಸುತ್ತೇನೆ. ದಿನಕ್ಕೆರಡು ಸಲ 200 ಮೈಕ್ರೋಗ್ರಾಂ ಅಂದರೆ 400. ಮಳೆಗಾಲದಲ್ಲಿ ದಮ್ಮು ಕೆರಳಿದಾಗ ದೊಡ್ಡವರಿಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಬರೀ ತೂಕ ನೋಡಿದರೆ ಒಂದೇ ದಿನದಲ್ಲಿ 100 ದಿನದ ಪಂಪ್. ಎರಡೂ ಬೇರೆ ಬೇರೆ ಔಷಧಿ, ಶಕ್ತಿಯೂ ಬೇರೆ, ಹಾಗಾಗಿ ಲೆಕ್ಕ ನೇರಾನೇರ ಅಲ್ಲ. ಆದರೆ ಒಂದು ಎದೆಗೆ ಹೋಗುತ್ತದೆ, ಇನ್ನೊಂದು ಹೊಟ್ಟೆಗೆ ಹೋಗಿ ಇಡೀ ಮೈ ಸುತ್ತುತ್ತದೆ. ಸ್ಟೀರಾಯ್ಡ್ ಬೇಡ ಅಂತ ಪಂಪ್ ಬಿಟ್ಟವರು ಜುಲೈನಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡು "ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ, ಒಂದೇ ಸೂಜಿಗೆ ಇಳೀತು" ಅನ್ನುತ್ತಾರೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಉಬ್ಬಸದ ಪುಡಿಗಳೂ ಇವೆ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆ ಇರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಮೂರು ದಿನಕ್ಕೆ ಮುಖ ಕಳೆಗಟ್ಟಿ ಹಸಿವು ಏರಿದರೆ ನನಗೆ ಅನುಮಾನ ಬರುವುದು ಅದಕ್ಕೇ.

ಹಣದ ಮಾತೂ ಇದೆ, ಅದನ್ನು ಬಿಟ್ಟು ಮಾತಾಡುವವರ ಜೊತೆ ನನಗೆ ಸಿಟ್ಟು ಬರುತ್ತದೆ. ಸಂತೆ ದಿನ ಕೂಲಿ ಕೈಗೆ ಬಂದಾಗ ಅಕ್ಕಿ, ಒಣಮೀನು, ಎಣ್ಣೆ, ಫೋನಿನ ರೀಚಾರ್ಜ್ ಎಲ್ಲ ಆದ ಮೇಲೆ ಅಂಗಡಿಗೆ ಬರುತ್ತಾರೆ. ಎರಡು ಪಂಪಿನಲ್ಲಿ ಒಂದನ್ನು ಮಾತ್ರ ಕೊಳ್ಳಬಹುದು ಅನ್ನುವಾಗ ಐದು ನಿಮಿಷದಲ್ಲಿ ಉಸಿರು ಬಿಡಿಸುವುದನ್ನೇ ಯಾರಾದರೂ ಆರಿಸುತ್ತಾರೆ, ಅಗ್ಗವೂ ಅದೇ. ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತದೆ ಅಂತ ನಾನೇ ಹೇಳಿ ಕಳಿಸುತ್ತೇನೆ (ನಮ್ಮ ಯಜಮಾನರಿಗೆ ಇದು ಇಷ್ಟವಾಗುವುದಿಲ್ಲ). ಆದರೆ ಅಲ್ಲಿಗೆ ಹೋಗಿ ಬರಲು ಬಸ್ ಚಾರ್ಜು, ಅರ್ಧ ದಿನದ ಕೂಲಿ. ಲೈನ್ ಮನೆಗಳಲ್ಲಿ ಅಣ್ಣ ತಮ್ಮ ಇಬ್ಬರಿಗೂ ಸೇರಿ ಒಂದೇ ಪಂಪ್ ಇರುವುದನ್ನೂ ಕಂಡಿದ್ದೇನೆ. ಮುಗಿದ ಪಂಪನ್ನು ಕಿವಿ ಹತ್ತಿರ ಅಲ್ಲಾಡಿಸಿ "ಇನ್ನೂ ಇದೆ" ಅನ್ನುವವರು ಬಹಳ. ಒತ್ತಿದರೆ ಬುಸ್ ಅನ್ನುತ್ತದೆ ನಿಜ. 120 ಮುಗಿದ ಮೇಲೂ ಒಳಗೆ ತಳ್ಳುವ ಗ್ಯಾಸ್ ಸ್ವಲ್ಪ ಉಳಿದಿರುತ್ತದೆ, ಔಷಧಿಗೆ ಮಾತ್ರ ಭರವಸೆ ಇಲ್ಲ. ಹಿಂಬದಿ ಎಣಿಕೆ ತೋರಿಸುವ ಪಂಪ್ ಬಂದ ಮೇಲೆ ಈ ಜಗಳ ಕಡಿಮೆಯಾಗಿದೆ. ಪುಡಿಯ ಕ್ಯಾಪ್ಸೂಲ್ ಹಾಕಿ ಎಳೆಯುವವರಿಗೆ ಇನ್ನೊಂದು ಕಷ್ಟ. ಉಪ್ಪು ನೀರಾಗುವ ಕಾಲದಲ್ಲಿ ಕ್ಯಾಪ್ಸೂಲನ್ನು ರಾತ್ರಿಯೇ ಯಂತ್ರಕ್ಕೆ ಹಾಕಿಟ್ಟರೆ ಬೆಳಿಗ್ಗೆಗೆ ಪುಡಿ ತೇವ ಹಿಡಿದು ಗಂಟಾಗುತ್ತದೆ. ಡಬ್ಬಿ ಮುಚ್ಚಳ ಬಿಗಿಯಾಗಿರಲಿ, ಎಳೆಯುವ ಹೊತ್ತಿಗೆ ಮಾತ್ರ ತೆಗೆಯಿರಿ ಅಂತ ಮಳೆಗಾಲ ಪೂರ್ತಿ ಹೇಳುತ್ತಿರುತ್ತೇನೆ.

ಡಾಕ್ಟರುಗಳನ್ನು ದೂರುವುದು ಸುಲಭ. ಮಳೆಗಾಲದ ಬೆಳಿಗ್ಗೆ ಯಾವ ಆಸ್ಪತ್ರೆಯ ಹೊರಗೆ ನೋಡಿದರೂ ಕೊಡೆಗಳ ಸಾಲು. ಒಬ್ಬೊಬ್ಬರಿಗೆ ಎಷ್ಟು ನಿಮಿಷ ಕೊಡಲು ಸಾಧ್ಯ? "ಪಂಪ್ ಸರಿಯಾಗಿ ತಗೋತಿದ್ದೀರಾ?" "ಹೂಂ ಡಾಕ್ಟ್ರೇ." ಮುಗಿಯಿತು. ಹಾಗೆ ಕೇಳಿದರೆ "ಇಲ್ಲ" ಅನ್ನುವ ಧೈರ್ಯ ಯಾರಿಗಿದೆ? ಪಂಪ್ ಎಳೆದೂ ಗುಣವಾಗಿಲ್ಲ ಅಂದುಕೊಂಡು ಡಾಕ್ಟರು ಡೋಸ್ ಏರಿಸುತ್ತಾರೆ. ಜಾಸ್ತಿ ಪವರಿನ ಹೊಸ ಪಂಪ್ ಹಳೆಯದರ ಪಕ್ಕ ಕಪಾಟು ಸೇರುತ್ತದೆ. ನಾನು ಬೇರೆ ತರಹ ಕೇಳುತ್ತೇನೆ. "ದಿನಾ ಎಳೆಯೋದು ಯಾರಿಗೂ ಆಗಲ್ಲ ಬಿಡಿ. ವಾರದಲ್ಲಿ ಎಷ್ಟು ದಿನ ತಪ್ಪುತ್ತೆ?" ಆಗ ನಗುತ್ತಾರೆ. "ಎಷ್ಟು ದಿನ ಎಳೀತೀನಿ ಅಂತ ಕೇಳಿ ಅಕ್ಕ" ಅಂತ ಒಬ್ಬರು ಹೇಳಿದ್ದೂ ಉಂಟು. ಅಲ್ಲಿಂದ ಮಾತು ಶುರುವಾಗುತ್ತದೆ. ರಾತ್ರಿ ಪಾಳಿ, ಅತ್ತೆ ಎದುರು ಸಂಕೋಚ, ಗಂಟಲು ಕೆರೆತ, ದುಡ್ಡು. ಮರೆವು ಅಂತ ಹೇಳುವವರಿಗೆ ಹಲ್ಲುಜ್ಜುವ ಜಾಗದಲ್ಲಿಡಿ ಅನ್ನುವ ಉಪಾಯ ನಡೆಯುತ್ತದೆ. ಉಳಿದವರು ಮರೆತವರಲ್ಲ, ಬೇಡ ಅಂತ ತೀರ್ಮಾನ ಮಾಡಿದವರು. ಅವರಿಗೆ ಅಲಾರಂ ಇಡಿ ಅಂದರೆ ಅವಮಾನ.

2019ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಅಸ್ತಮಾಕ್ಕೆ ಲೋಕವೆಲ್ಲ ನೋಡುವ ಗೀನಾ ಮಾರ್ಗಸೂಚಿ ಇದೆಯಲ್ಲ, ಅದು ಹದಿಹರೆಯದವರಿಗೂ ದೊಡ್ಡವರಿಗೂ ಬರೀ ನೀಲಿ ಪಂಪನ್ನು ನಂಬಿ ಕೂರುವ ಚಿಕಿತ್ಸೆ ಬೇಡ ಅಂದಿತು. ಸೌಮ್ಯ ಅಸ್ತಮಾ ಇರುವವರು ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಪಂಪನ್ನು ಬೇಕಾದಾಗ ಎಳೆಯಬಹುದು ಅಂದಿತು. ಫಾರ್ಮೊಟೆರಾಲ್ ಕೂಡ ನೀಲಿಯ ಹಾಗೆ ಬೇಗ ಉಸಿರು ಬಿಡಿಸುತ್ತದೆ, ಜೊತೆಗೆ ಸ್ಟೀರಾಯ್ಡ್ ಕೂಡ ಎದೆಗೆ ಹೋಗುತ್ತದೆ. 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಹೀಗೆ ಬೇಕಾದಾಗ ಎಳೆದವರಲ್ಲೂ, ದಿನಾ ಸ್ಟೀರಾಯ್ಡ್ ಎಳೆದವರಲ್ಲೂ ಜೋರು ಉಬ್ಬಸ ಕೆರಳಿದ್ದು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ. ಒಟ್ಟು ಹೊಟ್ಟೆಗೆ, ಅಲ್ಲ, ಎದೆಗೆ ಹೋದ ಸ್ಟೀರಾಯ್ಡ್ ಮಾತ್ರ ಬಹಳ ಕಡಿಮೆ. ನನಗೆ ಇದು ಖುಷಿ ಕೊಟ್ಟ ಸುದ್ದಿ. ಜನ ಹೇಗಿದ್ದಾರೋ ಹಾಗೇ ಒಪ್ಪಿಕೊಂಡು ಔಷಧಿಯನ್ನು ಅವರ ಅಭ್ಯಾಸದೊಳಗೆ ತೂರಿಸಿದ್ದಾರೆ. ಅಸ್ತಮಾ ಜೋರಿರುವವರಿಗೆ ದಿನದ ಡೋಸ್ ತಪ್ಪಿದ್ದಲ್ಲ, ಅದು ಬೇರೆ ಮಾತು. ಇನ್ನೊಂದು ಗಮನಿಸಬೇಕು. ನೋಡಲು ಇದೇ ತರಹ ಇರುವ, ಸಾಲ್ಮೆಟೆರಾಲ್ ಸೇರಿದ ಪಂಪ್‌ಗಳೂ ಅಂಗಡಿಯಲ್ಲಿವೆ. ಅವನ್ನು ಹೀಗೆ ಬೇಕಾದಾಗ ಎಳೆಯುವಂತಿಲ್ಲ. ಪಕ್ಕದ ಮನೆಯವರ ಪಂಪ್ ನೋಡಿ "ನಂಗೂ ಇದೇ ಕೊಡಿ" ಅನ್ನಬೇಡಿ.

ಹತ್ತಿರದ ತೋಟವೊಂದರ ಲೆಕ್ಕ ಬರೆಯುವ ರೈಟರ್ ಕಳೆದ ಮಳೆಗಾಲದಲ್ಲಿ ಈ ಹೊಸ ಕ್ರಮಕ್ಕೆ ಬಂದರು. ಮೊದಲು ಅವರ ಷರಟಿನ ಜೇಬಿನಲ್ಲಿ ಯಾವಾಗಲೂ ನೀಲಿ ಪಂಪ್ ಇರುತ್ತಿತ್ತು, ಪೆನ್ನಿನ ಪಕ್ಕ. ಮಡಿಕೇರಿಯ ಡಾಕ್ಟರು ಅದನ್ನು ನಿಲ್ಲಿಸಿ ಜೋಡಿ ಪಂಪ್ ಬರೆದಿದ್ದರು. ಬೆಲೆ ನೋಡಿ ಹುಬ್ಬೇರಿಸಿದರು.

"ಒಂದೇ ಸಾಕು ಅಂದ್ರು ಮೇಡಂ. ಒಂದಕ್ಕೇ ಇಷ್ಟು ರೇಟಾ?"

"ಎರಡರ ಕೆಲಸ ಮಾಡುತ್ತಲ್ಲ ರೈಟ್ರೇ."

ಆಮೇಲೆ ಎರಡು ಸಲ ಬಂದು ಕೊಂಡುಹೋದರು. ರಾತ್ರಿ ಏಳುವುದು ತಪ್ಪಿದೆ ಅಂದರು. ಮೊನ್ನೆ ಮತ್ತೆ ಬಂದವರು ಜೋಡಿ ಪಂಪಿಗೆ ದುಡ್ಡು ಕೊಟ್ಟು, ಚಿಲ್ಲರೆ ತೆಗೆದುಕೊಳ್ಳದೆ ನಿಂತರು.

"ನೀಲಿದೂ ಒಂದು ಹಾಕಿಬಿಡಿ."

"ಡಾಕ್ಟ್ರು ಬೇಡ ಅಂದಿದ್ರಲ್ಲ?"

"ಬೇಡ ಅಂದಿದ್ದಾರೆ. ಎಳಿಯಲ್ಲ. ಜೀಪಲ್ಲಿ ಇರಲಿ ಅಂತ, ಧೈರ್ಯಕ್ಕೆ."

ಹಾಗಾದರೆ ಜೀಪಿನಲ್ಲಿ ಜೋಡಿ ಪಂಪನ್ನೇ ಇನ್ನೊಂದು ಇಟ್ಟುಕೊಳ್ಳಿ ಅಂದೆ. ಮತ್ತೆ ರೇಟಿನ ಮಾತಿಗೆ ಬಂತು. ಸಾಹುಕಾರರು ಮೆಡಿಕಲ್ ಬಿಲ್ ಕೊಡುತ್ತಾರಾ ಅಂತ ಕೇಳಿ ನೋಡುತ್ತೇನೆ, ಬಿಲ್ಲನ್ನು ತೋಟದ ಹೆಸರಿಗೆ ಬರೆಯಿರಿ ಅಂದರು. ಬರೆದುಕೊಟ್ಟೆ.